ಕರ್ನಲ್ ಮತ್ತು ಬಳಕೆದಾರ ಮೆಮೊರಿಯ ನಡುವೆ ಡೇಟಾ ಸಾಗಿಸುವುದು: ಮೊದಲ ಡ್ರೈವರ್ ಬರೆಯುವವರಿಗೆ ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದುಕೊಂಡು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: "ಸರ್, ಬಳಕೆದಾರನ ಪಾಯಿಂಟರ್ ಕೈಯಲ್ಲೇ ಇದೆಯಲ್ಲ, ನೇರವಾಗಿ ಮೆಮ್‌ಕಾಪಿ ಮಾಡಿದರೆ ಏನು ತೊಂದರೆ? ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲಿ ಸರಿಯಾಗಿಯೇ ಓಡಿತು." ಮೆಮ್‌ಕಾಪಿ ಎಂದರೆ ಒಂದು ವಿಳಾಸದಿಂದ ಇನ್ನೊಂದಕ್ಕೆ ಏನನ್ನೂ ಪರೀಕ್ಷಿಸದೆ ಬೈಟ್‌ಗಳನ್ನು ನಕಲಿಸುವ ಸಿ ಫಂಕ್ಷನ್. ಓಡಿತು ಎನ್ನುವುದೇ ಇಲ್ಲಿ ಅಪಾಯ. ತಪ್ಪು ಕೋಡ್ ಒಂದು ಯಂತ್ರದಲ್ಲಿ ಓಡುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ, ಮೂರನೆಯದರಲ್ಲಿ ಯಾರಿಗೂ ತಿಳಿಯದಂತೆ ಕಳ್ಳನಿಗೆ ಬಾಗಿಲು ತೆರೆದಿಡುತ್ತದೆ. ಪ್ರತಿಯೊಬ್ಬರಿಗೂ ಬಾಯಿಮಾತಿನಲ್ಲಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಒಂದು ಮಳೆಮಾಪಕದ ಡ್ರೈವರನ್ನೇ ಇಟ್ಟುಕೊಳ್ಳೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದುಕೊಳ್ಳುವ ಕರಾವಳಿಯಲ್ಲಿ ಇಂಥ ಪ್ರಾಜೆಕ್ಟ್ ಪ್ರತಿವರ್ಷ ಒಂದಾದರೂ ಇರುತ್ತದೆ. ಸೆನ್ಸರ್ ಕಳಿಸಿದ ಅಳತೆಗಳನ್ನು, ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಒಳಗಿದ್ದು ಸಾಧನವನ್ನು ನಡೆಸುವ ಡ್ರೈವರ್ ಕೂಡಿಟ್ಟುಕೊಳ್ಳುತ್ತದೆ. ಹೊರಗಿನ ಸಾಮಾನ್ಯ ಪ್ರೋಗ್ರಾಂ ಅವನ್ನು ಕೇಳಿ ಪಡೆಯುತ್ತದೆ, ಕೆಲವೊಮ್ಮೆ ಸೆಟ್ಟಿಂಗ್ ಬದಲಿಸಲು ತಾನೇ ಡೇಟಾ ಕಳಿಸುತ್ತದೆ.

ನಿಮಗೆ ಬೇಕಾದದ್ದು ಇಷ್ಟು: ಸಿ ಭಾಷೆಯ ಪಾಯಿಂಟರ್ ಮತ್ತು ಸ್ಟ್ರಕ್ಚರ್‌ಗಳ ತಿಳಿವಳಿಕೆ, ಲಿನಕ್ಸ್ ಕರ್ನಲ್‌ನ ಮೂಲ ಕೋಡ್, ಮತ್ತು ಕ್ಯೂಎಮುವಿನಂಥ ವರ್ಚುವಲ್ ಯಂತ್ರ. ಪ್ರಾಜೆಕ್ಟ್ ವರದಿ ಇರುವ ಲ್ಯಾಪ್‌ಟಾಪಿನ ಕರ್ನಲ್‌ನಲ್ಲಿ ದಯವಿಟ್ಟು ಪ್ರಯೋಗ ಮಾಡಬೇಡಿ. ಕರ್ನಲ್ ಮೆಮೊರಿ ಕೆಟ್ಟರೆ ಡಿಸ್ಕಿನ ಮೇಲಿರುವ ಫೈಲ್‌ಗಳೂ ಕೆಡಬಹುದು.

ಫಂಕ್ಷನ್‌ಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದ್ದೇನೆ. ಕೋಡ್ ಬರೆಯುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳು, ಪದಗಳ ನಡುವೆ ಅಂಡರ್‌ಸ್ಕೋರ್.

ಹಂತ 1: ಆ ಪಾಯಿಂಟರ್ ನಿಮ್ಮದಲ್ಲ ಎಂಬುದನ್ನು ಮನದಟ್ಟು ಮಾಡಿಕೊಳ್ಳಿ

64 ಬಿಟ್‌ನ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೆಳಗಿನ 128 ಟೆರಾಬೈಟ್‌ಗಳಷ್ಟು ವಿಳಾಸಗಳು ಬಳಕೆದಾರ ಪ್ರೋಗ್ರಾಂಗೆ ಸೇರಿದವು. ಮೇಲಿನ ಭಾಗ ಕರ್ನಲ್‌ನದು. ಪ್ರೋಗ್ರಾಂ ಸಿಸ್ಟಮ್ ಕಾಲ್ ಮಾಡಿದಾಗ, ಅಂದರೆ ಕರ್ನಲ್‌ನಿಂದ ಸೇವೆ ಕೇಳಿದಾಗ, "ನನ್ನ ಬಫರ್ ಇಲ್ಲಿದೆ" ಎಂದು ಒಂದು ಸಂಖ್ಯೆಯನ್ನು ಕೊಡುತ್ತದೆ. ಅದು ಬರೀ ಹೇಳಿಕೆ. ಆ ವಿಳಾಸದಲ್ಲಿ ಏನೂ ಇಲ್ಲದಿರಬಹುದು. ಪುಟ, ಅಂದರೆ 4096 ಬೈಟ್‌ಗಳ ತುಣುಕು, ಇನ್ನೂ ಡಿಸ್ಕಿನಿಂದ ಮೆಮೊರಿಗೆ ಬರದೇ ಇರಬಹುದು. ಎಲ್ಲಕ್ಕಿಂತ ಕೆಟ್ಟದ್ದು, ಅದು ಕರ್ನಲ್‌ನದೇ ವಿಳಾಸ ಆಗಿರಬಹುದು. ಮಳೆಮಾಪಕದ ಅಳತೆಯನ್ನು ಬರೆಯುತ್ತಿದ್ದೇವೆ ಎಂದುಕೊಂಡು ಕರ್ನಲ್‌ನ ಒಳಗಿನ ಪಟ್ಟಿಯೊಂದರ ಮೇಲೆ ನೀವು ಬರೆದುಬಿಡುತ್ತೀರಿ. ಸಾಮಾನ್ಯ ಬಳಕೆದಾರ ಆಡಳಿತಾಧಿಕಾರ ಕಸಿದುಕೊಳ್ಳುವುದು ಇಂಥ ದಾರಿಯಲ್ಲೇ.

ಇನ್ನು ಹಳೆಯ ಯಂತ್ರದಲ್ಲಿ ಮೆಮ್‌ಕಾಪಿ ಏಕೆ ಓಡಿತು? ಕರ್ನಲ್ ತಪ್ಪಿ ಬಳಕೆದಾರನ ಪುಟವನ್ನು ಮುಟ್ಟಿದರೆ ತಡೆಯುವ 'ಸ್ಮ್ಯಾಪ್' ಎಂಬ ಕಾವಲು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಬ್ರಾಡ್‌ವೆಲ್ ತಲೆಮಾರಿನಿಂದ ಇದೆ. ಅದಕ್ಕೂ ಹಿಂದಿನವುಗಳಲ್ಲಿ ಇಲ್ಲ. ಹೊಸ ಯಂತ್ರದಲ್ಲಿ ಅದೇ ಸಾಲು ಓಡಿದರೆ 'ಊಪ್ಸ್' ಎಂಬ ಕರ್ನಲ್ ದೋಷದ ಸಂದೇಶ ಬಂದು, ಪ್ರೋಗ್ರಾಂ ಅಲ್ಲಿಯೇ ಸಾಯುತ್ತದೆ. ಸರಿಯಾದ ಫಂಕ್ಷನ್‌ಗಳು ನಕಲು ಮಾಡುವಷ್ಟು ಹೊತ್ತು ಮಾತ್ರ 'ಸ್ಟ್ಯಾಕ್' ಎಂಬ ಸೂಚನೆಯಿಂದ ಆ ಕಾವಲನ್ನು ಸರಿಸಿ, ಮುಗಿದ ಕೂಡಲೇ 'ಕ್ಲ್ಯಾಕ್' ಸೂಚನೆಯಿಂದ ಮರಳಿ ಹಾಕುತ್ತವೆ. ಆರ್ಮ್ ಪ್ರೊಸೆಸರ್‌ಗಳಲ್ಲಿ ಇದೇ ಕೆಲಸ ಮಾಡುವ 'ಪ್ಯಾನ್' ಇದೆ. ಕೋಡ್ ಓಡಲಿ ಎಂದು ಬೂಟ್ ಆಗುವಾಗ ಸ್ಮ್ಯಾಪನ್ನೇ ಆಫ್ ಮಾಡುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಹಂತ 2: ಸರಿಯಾದ ಫಂಕ್ಷನನ್ನು ಆರಿಸಿಕೊಳ್ಳಿ

ಬಳಕೆದಾರನಿಂದ ಒಳಗೆ ತರಲು ಕಾಪಿ_ಫ್ರಮ್_ಯೂಸರ್. ಹೊರಗೆ ಕೊಡಲು ಕಾಪಿ_ಟು_ಯೂಸರ್. ಎರಡಕ್ಕೂ ಮೂರು ಆರ್ಗ್ಯುಮೆಂಟ್: ಎಲ್ಲಿಗೆ, ಎಲ್ಲಿಂದ, ಎಷ್ಟು ಬೈಟ್. ಒಂದೇ ಪೂರ್ಣಾಂಕವಾದರೆ ಗೆಟ್_ಯೂಸರ್, ಪುಟ್_ಯೂಸರ್ ಸಾಕು. ಹೆಸರು, ಫೈಲ್ ದಾರಿಯಂಥ ಅಕ್ಷರಮಾಲೆಗಳಿಗೆ ಸ್ಟ್ರಿಂಗ್‌ಗೆಂದೇ ಇರುವ ಸ್ಟ್ರ್‌ಎನ್‌ಕಾಪಿ_ಫ್ರಮ್_ಯೂಸರ್ ಬಳಸಿ. ಕೊಟ್ಟ ಮಿತಿಯಷ್ಟೇ ಸಂಖ್ಯೆ ಅದರಿಂದ ಮರಳಿ ಬಂದರೆ ಸ್ಟ್ರಿಂಗಿನ ಕೊನೆಯ ಸೊನ್ನೆ ಸಿಗಲಿಲ್ಲ ಎಂದರ್ಥ. ಹಾಗೆ ಬಂದದ್ದನ್ನು ಸ್ಟ್ರಿಂಗ್ ಎಂದು ಮುಂದಕ್ಕೆ ಕಳಿಸಿದರೆ ಬಫರ್ ದಾಟಿ ಓದುತ್ತೀರಿ.

ಇವೆಲ್ಲ ಮೊದಲು ವಿಳಾಸ ಬಳಕೆದಾರನ ಭಾಗದಲ್ಲೇ ಇದೆಯೇ ಎಂದು ನೋಡುತ್ತವೆ. ನಕಲಿನ ನಡುವೆ ಪುಟ ಸಿಗದಿದ್ದರೂ ಕರ್ನಲ್ ಬೀಳುವುದಿಲ್ಲ. ಯಾವ ಸೂಚನೆಯಲ್ಲಿ ಎಡವಿದರೆ ಎಲ್ಲಿಗೆ ಹೋಗಬೇಕು ಎಂಬ 'ಎಕ್ಸೆಪ್ಷನ್ ಟೇಬಲ್' ಒಂದನ್ನು ಕಂಪೈಲ್ ಆಗುವಾಗಲೇ ಕಟ್ಟಿಟ್ಟಿರುತ್ತಾರೆ. ಪೇಜ್ ಫಾಲ್ಟ್ ಆದಾಗ, ಎಂದರೆ ಕೇಳಿದ ಪುಟ ಸಿಗದಾದಾಗ, ಕರ್ನಲ್ ಆ ಪಟ್ಟಿ ನೋಡಿ ಸುರಕ್ಷಿತ ಜಾಗಕ್ಕೆ ಜಿಗಿಯುತ್ತದೆ. ಮೆಮ್‌ಕಾಪಿಯ ಸೂಚನೆಗಳು ಆ ಪಟ್ಟಿಯಲ್ಲಿ ಇರುವುದಿಲ್ಲ. ವ್ಯತ್ಯಾಸ ಇಲ್ಲಿದೆ.

ಎಚ್ಚರಿಕೆ: ಮುಂದೆ ಎರಡು ಅಂಡರ್‌ಸ್ಕೋರ್ ಇರುವ ಇದೇ ಹೆಸರಿನ ಫಂಕ್ಷನ್‌ಗಳು ಮತ್ತು 'ಅನ್‌ಸೇಫ್' ಎಂದು ಶುರುವಾಗುವವು ವಿಳಾಸವನ್ನು ಪರೀಕ್ಷಿಸುವುದಿಲ್ಲ. ವೇಗಕ್ಕಾಗಿ, ಪರೀಕ್ಷೆ ಆಗಲೇ ಮುಗಿದಿದೆ ಎಂಬ ನಂಬಿಕೆಯ ಮೇಲೆ ಅವು ನಡೆಯುತ್ತವೆ. ಲಿನಕ್ಸ್ 4.13ರಲ್ಲಿ ವೇಟ್‌ಐಡಿ ಎಂಬ ಸಿಸ್ಟಮ್ ಕಾಲನ್ನು ಈ ಬಗೆಯ ಫಂಕ್ಷನ್‌ಗಳಿಗೆ ಬದಲಿಸುವಾಗ ಆಕ್ಸೆಸ್_ಓಕೆ ಎಂಬ ಪರೀಕ್ಷೆಯ ಸಾಲು ಬಿಟ್ಟುಹೋಯಿತು. ಬಳಕೆದಾರ ಕರ್ನಲ್ ವಿಳಾಸ ಕೊಟ್ಟರೆ ಕರ್ನಲ್ ಅಲ್ಲಿಯೇ ಬರೆಯುತ್ತಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2017-5123 ಎಂಬ ಸಂಖ್ಯೆಯಲ್ಲಿ ದಾಖಲಾದ ಈ ದೋಷವನ್ನು 2017ರ ಅಕ್ಟೋಬರ್‌ನಲ್ಲಿ ಸರಿಪಡಿಸಿದರು. ವರ್ಷಗಟ್ಟಲೆ ಕರ್ನಲ್ ಬರೆದವರ ಕೈಯಲ್ಲೇ ತಪ್ಪಿದ್ದು ಇದು. ಮೊದಲ ಡ್ರೈವರ್ ಬರೆಯುವ ನಿಮಗೆ ಆ ವೇಗ ಬೇಡವೇ ಬೇಡ.

ಗ್ರಂಥಾಲಯದ ಹಳೆಯ ಪುಸ್ತಕಗಳನ್ನು ನೋಡಿ ಬರೆಯುವವರಿಗೆ ಒಂದು ಮಾತು. ಅವುಗಳಲ್ಲಿ ಆಕ್ಸೆಸ್_ಓಕೆಗೆ ಮೂರು ಆರ್ಗ್ಯುಮೆಂಟ್ ಇರುತ್ತವೆ. 2019ರಲ್ಲಿ ಬಂದ 5.0 ಆವೃತ್ತಿಯಿಂದ ಎರಡೇ. ಅದು ನೋಡುವುದು ವಿಳಾಸದ ವ್ಯಾಪ್ತಿಯನ್ನು ಮಾತ್ರ, ಅಲ್ಲಿ ನಿಜಕ್ಕೂ ಪುಟ ಇದೆಯೇ ಎಂದು ನೋಡುವುದಿಲ್ಲ. ಹಾಗಾಗಿ ಆಕ್ಸೆಸ್_ಓಕೆ ಕರೆದು ಆಮೇಲೆ ನೇರವಾಗಿ ಪಾಯಿಂಟರ್ ಮುಟ್ಟುವುದು ಕೂಡ ತಪ್ಪೇ.

ಹಂತ 3: ಮರಳಿ ಬಂದ ಸಂಖ್ಯೆಯನ್ನು ಸರಿಯಾಗಿ ಓದಿ

ನಾನು ನೋಡಿದ ವಿದ್ಯಾರ್ಥಿಗಳ ಕೋಡಿನಲ್ಲಿ ಅತಿ ಹೆಚ್ಚು ತಪ್ಪು ಇಲ್ಲಿಯೇ. ಕಾಪಿ_ಫ್ರಮ್_ಯೂಸರ್ ಮರಳಿಸುವುದು ನಕಲಾದ ಬೈಟ್‌ಗಳ ಲೆಕ್ಕವನ್ನಲ್ಲ, ನಕಲಾಗದೆ ಉಳಿದವುಗಳ ಲೆಕ್ಕವನ್ನು. ಸೊನ್ನೆ ಬಂದರೆ ಪೂರ್ತಿ ಆಯಿತು. ಸೊನ್ನೆಯಲ್ಲದ್ದು ಏನು ಬಂದರೂ ಸೋಲು. ಬರೆಯಬೇಕಾದ ರೀತಿ ಹೀಗೆ:

ಉಳಿದದ್ದು = ಕಾಪಿ_ಫ್ರಮ್_ಯೂಸರ್(ನನ್ನ ನಕಲು, ಬಳಕೆದಾರನ ವಿಳಾಸ, ಗಾತ್ರ);
ಉಳಿದದ್ದು ಸೊನ್ನೆಯಲ್ಲದಿದ್ದರೆ ಮೈನಸ್ ಇಫಾಲ್ಟ್ ಮರಳಿಸು.

ಇಫಾಲ್ಟ್ ಎಂದರೆ 14, 'ವಿಳಾಸ ಸರಿಯಿಲ್ಲ' ಎಂಬ ದೋಷಸಂಖ್ಯೆ.

ಇದನ್ನು ಎರಡು ರೀತಿಯಲ್ಲಿ ಕೆಡಿಸುತ್ತಾರೆ. ಒಂದು, ಉತ್ತರ ಸೊನ್ನೆಗಿಂತ ಕಡಿಮೆಯೇ ಎಂದು ಕೇಳುವುದು. ಆ ಸಂಖ್ಯೆಗೆ ಋಣಚಿಹ್ನೆಯೇ ಇಲ್ಲ, ಷರತ್ತು ಎಂದೂ ನಿಜವಾಗುವುದಿಲ್ಲ. ಎರಡು, ಬಂದ ಸಂಖ್ಯೆಯನ್ನೇ ಹಾಗೆಯೇ ಬಳಕೆದಾರನಿಗೆ ಮರಳಿಸುವುದು. 16 ಬೈಟ್‌ಗಳಲ್ಲಿ 8 ಉಳಿದುಹೋದರೆ ಹೊರಗಿನ ಪ್ರೋಗ್ರಾಂ "8 ಬೈಟ್ ಬರೆದಾಯಿತು" ಎಂದು ತಿಳಿದು ಖುಷಿಯಾಗಿ ಮುಂದೆ ಹೋಗುತ್ತದೆ. ಗೆಟ್_ಯೂಸರ್ ಮತ್ತು ಪುಟ್_ಯೂಸರ್ ಮಾತ್ರ ನೇರವಾಗಿ ಸೊನ್ನೆ ಅಥವಾ ಮೈನಸ್ ಇಫಾಲ್ಟ್ ಕೊಡುತ್ತವೆ. ಗೊಂದಲ ಹುಟ್ಟುವುದು ಈ ವ್ಯತ್ಯಾಸದಿಂದ.

ಮಳೆಮಾಪಕಕ್ಕೆ ಸಂಬಂಧಪಟ್ಟ ಇನ್ನೊಂದು ಅಂಶ: ಡ್ರೈವರ್ ಕೂಡಿಟ್ಟ ಅಳತೆಗಳ ಸರತಿಯಿಂದ ಒಂದನ್ನು ತೆಗೆದುಹಾಕಿ, ಆಮೇಲೆ ಕಾಪಿ_ಟು_ಯೂಸರ್ ಸೋತರೆ ಆ ಅಳತೆ ಯಾರಿಗೂ ಸಿಗದೆ ಹೋಗುತ್ತದೆ. ಬಳಕೆದಾರನ ಕೈಗೆ ತಲುಪಿತೆಂದು ಖಾತ್ರಿಯಾದ ಮೇಲೆಯೇ ಸರತಿಯನ್ನು ಮುಂದಕ್ಕೆ ಸರಿಸಿ.

ಹಂತ 4: ಗಾತ್ರಕ್ಕೆ ಮಿತಿ ಹಾಕಿ

ನಮ್ಮ ಒಂದು ಅಳತೆ 16 ಬೈಟ್ ಎಂದುಕೊಳ್ಳಿ. "ಇಷ್ಟು ಅಳತೆ ಕಳಿಸುತ್ತಿದ್ದೇನೆ" ಎಂದು ಬಳಕೆದಾರ ಹೇಳುತ್ತಾನೆ. ನೀವು ಆ ಸಂಖ್ಯೆಯನ್ನು 16ರಿಂದ ಗುಣಿಸಿ ಅಷ್ಟು ಮೆಮೊರಿ ಕೇಳುತ್ತೀರಿ. ಗುಣಲಬ್ಧವನ್ನು 32 ಬಿಟ್‌ನಲ್ಲಿ ಇಟ್ಟಿದ್ದು, ಬಳಕೆದಾರ 26,84,35,457 ಎಂದು ಕೊಟ್ಟರೆ? ಉತ್ತರ 4,29,49,67,312 ಆಗಬೇಕು. ಆದರೆ 32 ಬಿಟ್‌ನಲ್ಲಿ ಹಿಡಿಯುವುದು 4,29,49,67,295ರವರೆಗೆ ಮಾತ್ರ. ಮಿಕ್ಕದ್ದು ಸುತ್ತಿ ಬಂದು 16 ಎಂದು ಉಳಿಯುತ್ತದೆ. ಒಂದೇ ಅಳತೆಗೆ ಜಾಗ ಪಡೆದು, ಇಪ್ಪತ್ತಾರು ಕೋಟಿಗೂ ಹೆಚ್ಚು ಅಳತೆಗಳ ಲೂಪ್ ಓಡಿಸಿದಂತಾಯಿತು.

ಪರಿಹಾರ ಸರಳ. ಡ್ರೈವರ್‌ಗೆ ಗರಿಷ್ಠ ಎಷ್ಟು ಬೇಕು ಎಂದು ನೀವೇ ನಿರ್ಧರಿಸಿ. ನಮ್ಮ ಮಳೆಮಾಪಕಕ್ಕೆ ಒಮ್ಮೆಗೆ 64 ಅಳತೆ ಧಾರಾಳ. ಅದಕ್ಕಿಂತ ಹೆಚ್ಚಿದ್ದರೆ ಮೈನಸ್ ಇಇನ್ವಾಲ್ ಮರಳಿಸಿ, ಅಂದರೆ 'ಕೋರಿಕೆಯೇ ಸರಿಯಿಲ್ಲ'. ಗುಣಾಕಾರಕ್ಕೆ ಅರೇ_ಸೈಜ್, ಮೆಮೊರಿಗೆ ಕೆಮ್ಯಾಲಕ್_ಅರೇ ಬಳಸಿ, ಇವು ಉಕ್ಕಿ ಹರಿಯುವುದನ್ನು ತಾವೇ ಹಿಡಿಯುತ್ತವೆ. ದೊಡ್ಡ ಬಫರನ್ನು ಸ್ಥಳೀಯ ವೇರಿಯಬಲ್ ಆಗಿ ಇಡಬೇಡಿ. 64 ಬಿಟ್ ಇಂಟೆಲ್ ಯಂತ್ರದಲ್ಲಿ ಅವು ಕೂರುವ ಕರ್ನಲ್ ಸ್ಟ್ಯಾಕ್ (ಹಂತ 1ರ ಸೂಚನೆಯಲ್ಲ, ಮೆಮೊರಿಯ ಜಾಗ) ಇರುವುದೇ 16 ಕಿಲೋಬೈಟ್.

ಹಂತ 5: ಒಮ್ಮೆ ತನ್ನಿ, ತಂದದ್ದನ್ನೇ ಪರೀಕ್ಷಿಸಿ, ತಂದದ್ದನ್ನೇ ಬಳಸಿ

ಈ ಲೇಖನದಲ್ಲಿ ಒಂದೇ ಹಂತ ನೆನಪಿಡಲು ಸಾಧ್ಯವಾದರೆ ಇದನ್ನು ಇಟ್ಟುಕೊಳ್ಳಿ.

ಹಳೆ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ತೂಗಿಸಿ, ಬಂಗುಡೆ ಎಂದು ನೋಡಿ ಒಪ್ಪಿದ್ದೀರಿ. ಹಣ ಎಣಿಸಲು ಆ ಕಡೆ ತಿರುಗಿದಿರಿ. ಅಷ್ಟರಲ್ಲಿ ಬುಟ್ಟಿ ಬದಲಾಯಿತು. ಮನೆಗೆ ಬಂದು ತೆರೆದರೆ ಒಳಗಿರುವುದು ಬೂತಾಯಿ. ನೋಡಿದ್ದು ಒಂದು, ತಂದದ್ದು ಇನ್ನೊಂದು. ಕರ್ನಲ್‌ನಲ್ಲಿ ಇದಕ್ಕೆ 'ಡಬಲ್ ಫೆಚ್' ಎನ್ನುತ್ತಾರೆ: ಒಂದೇ ಮೌಲ್ಯವನ್ನು ಬಳಕೆದಾರ ಮೆಮೊರಿಯಿಂದ ಎರಡು ಬಾರಿ ಓದುವುದು. ಮೊದಲ ಓದಿಗೂ ಎರಡನೆಯ ಓದಿಗೂ ನಡುವೆ ಅದೇ ಪ್ರೋಗ್ರಾಂನ ಇನ್ನೊಂದು ಥ್ರೆಡ್, ಅಂದರೆ ಜೊತೆಜೊತೆಗೇ ಓಡುವ ಇನ್ನೊಂದು ಎಳೆ, ಬೇರೆ ಪ್ರೊಸೆಸರ್ ಕೋರ್‌ನಲ್ಲಿ ಓಡುತ್ತಾ ಆ ಮೌಲ್ಯವನ್ನು ಬದಲಿಸಬಹುದು. ನೀವು ಸಿಸ್ಟಮ್ ಕಾಲ್‌ನ ಒಳಗಿದ್ದೀರಿ ಎಂದ ಮಾತ್ರಕ್ಕೆ ಅದೇನೂ ನಿಲ್ಲುವುದಿಲ್ಲ.

ತಪ್ಪು ಸಾಮಾನ್ಯವಾಗಿ ಹೀಗೆ ಬರುತ್ತದೆ. ಸ್ಟ್ರಕ್ಚರಿನ ಮೊದಲ ಭಾಗದಲ್ಲಿ 'ಎಷ್ಟು' ಎಂಬ ಸಂಖ್ಯೆ ಇದೆ. ಗೆಟ್_ಯೂಸರ್‌ನಿಂದ ಅದನ್ನು ಓದಿ, 64ನ್ನು ಮೀರಿಲ್ಲ ಎಂದು ನೋಡಿ, ಅದರ ಪ್ರಕಾರ ಜಾಗ ಪಡೆಯುತ್ತೀರಿ. ಆಮೇಲೆ ಇಡೀ ಸ್ಟ್ರಕ್ಚರನ್ನು ನಕಲಿಸುತ್ತೀರಿ, ಆ 'ಎಷ್ಟು' ಕೂಡ ಮತ್ತೊಮ್ಮೆ ಒಳಗೆ ಬರುತ್ತದೆ. ಲೂಪ್‌ನಲ್ಲಿ ಬಳಸುವುದು ಈ ಎರಡನೆಯದನ್ನು. ಅದೀಗ 64ರ ಒಳಗೇ ಇರಬೇಕೆಂದೇನೂ ಇಲ್ಲ. ಒಂದೇ ಬಗೆಯ ಡೇಟಾ ತುಣುಕುಗಳನ್ನು ಒಂದಾಗಿಸುವ ಫೈಲ್ ಸಿಸ್ಟಮ್ ಸೌಲಭ್ಯದಲ್ಲಿ ಲಿನಕ್ಸ್‌ಗೆ ಆದದ್ದೂ ಇದೇ. ಸಿವಿಇ-2016-6516 ಎಂದು ದಾಖಲಾದ ಆ ದೋಷಕ್ಕೆ ಮದ್ದಾಗಿ ಬಂದದ್ದು, ಮೊದಲು ಪರೀಕ್ಷಿಸಿದ ಸಂಖ್ಯೆಯನ್ನೇ ಎರಡನೆಯ ನಕಲಿನ ಮೇಲೆ ಮರಳಿ ಬರೆಯುವ ಒಂದು ಸಾಲು.

ನಿಮ್ಮ ಡ್ರೈವರ್‌ನಲ್ಲಿ ಸಾಧ್ಯವಾದರೆ ಸ್ಟ್ರಕ್ಚರಿನ ಗಾತ್ರವನ್ನು ಸ್ಥಿರವಾಗಿಡಿ, ಒಂದೇ ಏಟಿಗೆ ನಕಲಿಸಿ. ಆಗದಿದ್ದರೆ ಆ ಒಂದು ಸಾಲನ್ನು ಮರೆಯಬೇಡಿ. ಸ್ಟ್ರಿಂಗಿನ ಉದ್ದವನ್ನು ಮೊದಲು ಅಳೆದು ಆಮೇಲೆ ಆ ಉದ್ದದಷ್ಟು ನಕಲಿಸುವುದು ಕೂಡ ಇದೇ ತಪ್ಪಿನ ಇನ್ನೊಂದು ವೇಷ.

ಹಂತ 6: ಸ್ಪಿನ್‌ಲಾಕ್ ಹಿಡಿದುಕೊಂಡು ನಕಲು ಮಾಡಬೇಡಿ

ಬಳಕೆದಾರನ ಪುಟ ಮೆಮೊರಿಯಲ್ಲಿ ಇಲ್ಲದಿದ್ದರೆ ಕರ್ನಲ್ ಅದನ್ನು ಡಿಸ್ಕಿನಿಂದ ತರಬೇಕು. ಅಷ್ಟು ಹೊತ್ತು ನಿಮ್ಮ ಕೋಡ್ ನಿದ್ರೆ ಮಾಡುತ್ತದೆ. ಸ್ಪಿನ್‌ಲಾಕ್ ಎಂದರೆ ಬೀಗ ಸಿಗುವವರೆಗೂ ಪ್ರೊಸೆಸರ್ ಸುತ್ತುತ್ತಲೇ ಕಾಯುವ ವ್ಯವಸ್ಥೆ. ಅದನ್ನು ಹಿಡಿದವರು ನಿದ್ರಿಸುವಂತಿಲ್ಲ. ಸೆನ್ಸರ್ ಸುದ್ದಿ ಕಳಿಸಿದಾಗ ಓಡುವ ಇಂಟರಪ್ಟ್ ಫಂಕ್ಷನ್‌ನಲ್ಲಂತೂ ಈ ನಕಲು ಸಲ್ಲದು. ಆ ಹೊತ್ತಿಗೆ ಪ್ರೊಸೆಸರ್‌ನಲ್ಲಿ ಯಾರ ಪ್ರೋಗ್ರಾಂ ಇತ್ತೋ ಅದರ ಮೆಮೊರಿಯೇ ನಿಮ್ಮ ಮುಂದಿರುತ್ತದೆ, ನಿಮ್ಮ ಬಳಕೆದಾರನದಲ್ಲ.

ಕ್ರಮ ಹೀಗಿರಲಿ. ಬೀಗ ಹಿಡಿಯಿರಿ, ಸರತಿಯಲ್ಲಿರುವ ಅಳತೆಯನ್ನು ಕರ್ನಲ್‌ನೊಳಗಿನ ನಿಮ್ಮದೇ ವೇರಿಯಬಲ್‌ಗೆ ನಕಲಿಸಿ, ಬೀಗ ಬಿಡಿ, ಆಮೇಲೆ ಬಳಕೆದಾರನಿಗೆ ಕೊಡಿ. ಒಳಗೆ ತರುವಾಗ ಇದರ ತಿರುವು: ಮೊದಲು ತನ್ನಿ, ಆಮೇಲೆ ಬೀಗ. ಒಂದೇ ಸಾಧನವನ್ನು ಇಬ್ಬರು ಓದುವ ಸಾಧ್ಯತೆ ಇದ್ದರೆ, ಓದುವವರ ನಡುವೆ ಮಾತ್ರ ಮ್ಯೂಟೆಕ್ಸ್, ಅಂದರೆ ಒಮ್ಮೆಗೆ ಒಬ್ಬರನ್ನೇ ಬಿಡುವ ಇನ್ನೊಂದು ಬಗೆಯ ಬೀಗ, ಇಡಿ. ಮ್ಯೂಟೆಕ್ಸ್ ಹಿಡಿದು ನಿದ್ರಿಸಲು ಅಡ್ಡಿಯಿಲ್ಲ. ಆದರೂ ಇಡೀ ಡ್ರೈವರನ್ನು ಕಟ್ಟಿಹಾಕುವ ಮ್ಯೂಟೆಕ್ಸ್ ಬೇಡ. ಫ್ಯೂಸ್‌ನಂಥ, ಬಳಕೆದಾರನೇ ನಡೆಸುವ ಫೈಲ್ ಸಿಸ್ಟಮ್‌ನಿಂದ ಪುಟ ಬರಬೇಕಾದರೆ, ಅದನ್ನು ಬೇಕಂತಲೇ ಎಷ್ಟು ಹೊತ್ತು ಬೇಕಾದರೂ ತಡೆಹಿಡಿಯಬಹುದು.

ಹಂತ 7: ಹೊರಗೆ ಕೊಡುವ ಮೊದಲು ಪಾತ್ರೆ ತೊಳೆಯಿರಿ

ಒಳಗೆ ಬರುವುದರ ಬಗ್ಗೆ ಎಚ್ಚರ ವಹಿಸುವವರೂ ಹೊರಗೆ ಹೋಗುವುದನ್ನು ಮರೆಯುತ್ತಾರೆ. ನೆರೆಮನೆಗೆ ಪಾಯಸ ಕಳಿಸುವಾಗ ನಿನ್ನೆಯ ಸಾರು ಅಂಟಿಕೊಂಡ ಪಾತ್ರೆಯಲ್ಲಿ ಯಾರೂ ಕಳಿಸುವುದಿಲ್ಲ. ಕರ್ನಲ್ ಮೆಮೊರಿಯಲ್ಲಿ ನಿನ್ನೆಯ ಸಾರು ಎಂದರೆ ಇನ್ನೊಬ್ಬರ ಪಾಸ್‌ವರ್ಡ್ ಆಗಿರಬಹುದು, ಅಥವಾ ದಾಳಿಕೋರ ಹುಡುಕುತ್ತಿರುವ ಕರ್ನಲ್ ವಿಳಾಸ ಆಗಿರಬಹುದು.

ನಮ್ಮ ಅಳತೆಯ ಸ್ಟ್ರಕ್ಚರನ್ನು ಹತ್ತಿರದಿಂದ ನೋಡಿ. ಸ್ಥಿತಿ 1 ಬೈಟ್, ಮಳೆಯ ಪ್ರಮಾಣ 4 ಬೈಟ್, ಸಮಯ 8 ಬೈಟ್. ಕೂಡಿದರೆ 13. ಆದರೆ ಗಾತ್ರ ಕೇಳಿದರೆ ಕಂಪೈಲರ್ 16 ಎನ್ನುತ್ತದೆ. ಪ್ರಮಾಣವನ್ನು ನಾಲ್ಕರ ಗಡಿಗೆ ಕೂರಿಸಲು ಸ್ಥಿತಿಯ ನಂತರ 3 ಬೈಟ್ ಖಾಲಿ ಬಿಟ್ಟಿದೆ. ಅದೇ ಮೂರನ್ನು ಸ್ಥಿತಿ, ಸಮಯ, ಪ್ರಮಾಣ ಎಂಬ ಕ್ರಮದಲ್ಲಿ ಬರೆದರೆ ಗಾತ್ರ 24ಕ್ಕೆ ಏರುತ್ತದೆ, ಖಾಲಿ ಬಿಟ್ಟದ್ದು 11 ಬೈಟ್! ಮೂರೂ ಸದಸ್ಯರಿಗೆ ಮೌಲ್ಯ ತುಂಬಿದರೂ ಆ ಖಾಲಿ ಜಾಗಗಳಲ್ಲಿ ಮೊದಲು ಏನಿತ್ತೋ ಅದೇ ಇರುತ್ತದೆ, ಕಾಪಿ_ಟು_ಯೂಸರ್ ಅದನ್ನೂ ಸೇರಿಸಿ ಕೊಟ್ಟುಬಿಡುತ್ತದೆ.

ಆದ್ದರಿಂದ ಸ್ಥಳೀಯ ವೇರಿಯಬಲ್ ಆದರೆ ಮೊದಲು ಮೆಮ್‌ಸೆಟ್‌ನಿಂದ ಪೂರ್ತಿ ಸೊನ್ನೆ ಮಾಡಿ. ಮೆಮೊರಿ ಕೇಳಿ ಪಡೆಯುವುದಾದರೆ ಕೆಮ್ಯಾಲಕ್ ಬದಲು, ಸೊನ್ನೆ ತುಂಬಿಯೇ ಕೊಡುವ ಕೆಜ಼ಡ್‌ಅಲಾಕ್ ಬಳಸಿ. ಘೋಷಿಸುವಾಗಲೇ ಪುಷ್ಪಾವರಣದಲ್ಲಿ ಮೌಲ್ಯ ಕೊಟ್ಟರೆ ಸಾಕಲ್ಲವೇ ಎಂದು ಕೇಳುತ್ತಾರೆ. ಸಾಲದು. ಖಾಲಿ ಜಾಗಗಳು ಸೊನ್ನೆಯಾಗುತ್ತವೆ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ನನ್ನ ಮಟ್ಟಿಗೆ ಇನ್ನೂ ಒಳ್ಳೆಯ ದಾರಿ, ಖಾಲಿ ಜಾಗವನ್ನೇ ಬಿಡದಿರುವುದು: ಆ 3 ಬೈಟ್‌ಗಳಿಗೆ 'ಮೀಸಲು' ಎಂದು ಹೆಸರಿಟ್ಟು ಸ್ಟ್ರಕ್ಚರಿನಲ್ಲೇ ಬರೆಯಿರಿ. ಹೊರಗೆ ಕೊಡುವಾಗ ಸೊನ್ನೆ ತುಂಬಿ, ಒಳಗೆ ಬಂದಾಗ ಸೊನ್ನೆಯಲ್ಲದಿದ್ದರೆ ತಿರಸ್ಕರಿಸಿ. ಮುಂದೆ ಆ ಜಾಗಕ್ಕೆ ಅರ್ಥ ಕೊಡಲು ಇದರಿಂದ ದಾರಿ ಉಳಿಯುತ್ತದೆ.

ಹಂತ 8: 32 ಬಿಟ್ ಪ್ರೋಗ್ರಾಂಗಳನ್ನು ಮರೆಯಬೇಡಿ

64 ಬಿಟ್ ಕರ್ನಲ್ ಮೇಲೆ 32 ಬಿಟ್ ಪ್ರೋಗ್ರಾಂ ಓಡಬಹುದು. ಅಲ್ಲಿ 'ಲಾಂಗ್' ಮತ್ತು ಪಾಯಿಂಟರ್ 4 ಬೈಟ್, ಇಲ್ಲಿ 8. ಗಡಿಯ ನಿಯಮವೂ ಬೇರೆ: 4 ಬೈಟ್ ಮತ್ತು 8 ಬೈಟ್‌ನ ಎರಡು ಪೂರ್ಣಾಂಕಗಳ ಸ್ಟ್ರಕ್ಚರ್ 32 ಬಿಟ್ ಇಂಟೆಲ್‌ನಲ್ಲಿ 12 ಬೈಟ್, 64 ಬಿಟ್‌ನಲ್ಲಿ 16. ಹಾಗಾಗಿ ಗಡಿ ದಾಟುವ ಸ್ಟ್ರಕ್ಚರ್‌ಗಳಲ್ಲಿ ಯು32, ಯು64ರಂಥ ಗಾತ್ರ ನಿಗದಿಯಾದ ವಿಧಗಳನ್ನೇ ಬಳಸಿ, ನಡುವಿನ ಖಾಲಿ ಜಾಗಕ್ಕೆ ಹಂತ 7ರಂತೆ 'ಮೀಸಲು' ಎಂದು ಹೆಸರಿಡಿ. ವಿಳಾಸ ಕಳಿಸಬೇಕಾದರೆ ಯು64 ಆಗಿ ಕಳಿಸಿ, ಕರ್ನಲ್ ಒಳಗೆ ಯು64_ಟು_ಯೂಸರ್_ಪಿಟಿಆರ್‌ನಿಂದ ಪಾಯಿಂಟರ್ ಮಾಡಿಕೊಳ್ಳಿ.

ಹಂತ 9: ಕೆಟ್ಟ ಬಳಕೆದಾರನಾಗಿ ಪರೀಕ್ಷಿಸಿ

ಮೊದಲು ಉಪಕರಣಗಳು. ಬಳಕೆದಾರನ ಪಾಯಿಂಟರ್‌ಗಳಿಗೆಲ್ಲ 'ಯೂಸರ್' ಗುರುತು ಹಾಕಿ, ಅದರ ಮುಂದೆ ಎರಡು ಅಂಡರ್‌ಸ್ಕೋರ್ ಇರುತ್ತದೆ. 'ಮೇಕ್ ಸಿ=1' ಎಂದು ಕಂಪೈಲ್ ಮಾಡಿದರೆ ಸ್ಪಾರ್ಸ್ ಎಂಬ ಪರೀಕ್ಷಕ ಓಡಿ, ಆ ಪಾಯಿಂಟರನ್ನು ನೇರವಾಗಿ ಮುಟ್ಟಿದ ಸಾಲನ್ನು ತೋರಿಸುತ್ತದೆ. ಎಚ್ಚರಿಕೆಯನ್ನು ಬಾಯಿ ಮುಚ್ಚಿಸಲು ಟೈಪ್ ಬದಲಿಸುವವರಿದ್ದಾರೆ. ಹಾಗೆ ಮಾಡಿದರೆ ಸ್ಪಾರ್ಸ್ ಇದ್ದೂ ಇಲ್ಲದಂತೆ. ಪರೀಕ್ಷೆಯ ಕರ್ನಲ್‌ನಲ್ಲಿ ಕಾಸನ್, ಹಾರ್ಡನ್ಡ್ ಯೂಸರ್‌ಕಾಪಿ, ಡೀಬಗ್ ಅಟಾಮಿಕ್ ಸ್ಲೀಪ್ ಆಯ್ಕೆಗಳನ್ನು ಆನ್ ಮಾಡಿ. ಮೊದಲನೆಯದು ಬಫರ್ ದಾಟಿದ್ದನ್ನು, ಎರಡನೆಯದು ಕರ್ನಲ್ ವಸ್ತುವಿನ ಗಡಿ ಮೀರಿದ ನಕಲನ್ನು, ಮೂರನೆಯದು ಸ್ಪಿನ್‌ಲಾಕ್ ಹಿಡಿದು ನಿದ್ರಿಸಹೊರಟದ್ದನ್ನು ಹಿಡಿಯುತ್ತದೆ. ಹಂತ 7ರ ತಪ್ಪಿಗೆ 6.1 ಆವೃತ್ತಿಯಿಂದ ಬಂದಿರುವ ಕೆಎಂಸನ್ ಇದೆ. ಅದಕ್ಕೆ ಕ್ಲ್ಯಾಂಗ್ ಕಂಪೈಲರ್ ಬೇಕು.

ಆಮೇಲೆ ಒಂದು ಪುಟ್ಟ ಪ್ರೋಗ್ರಾಂ ಬರೆದು ಡ್ರೈವರ್‌ಗೆ ಬೇಕಂತಲೇ ಕೆಟ್ಟದ್ದನ್ನು ಕೊಡಿ: ಸೊನ್ನೆ ವಿಳಾಸ, ಕರ್ನಲ್ ಭಾಗದ ವಿಳಾಸ, ಸೊನ್ನೆ ಗಾತ್ರ, ಮೇಲೆ ಲೆಕ್ಕ ಹಾಕಿದ 26,84,35,457. ಒಂದು ಥ್ರೆಡ್ ಡ್ರೈವರನ್ನು ಕರೆಯುತ್ತಿರಲಿ, ಇನ್ನೊಂದು 'ಎಷ್ಟು' ಎಂಬ ಸಂಖ್ಯೆಯನ್ನು 1 ಮತ್ತು 5000ದ ನಡುವೆ ಬಿಡದೆ ಬದಲಿಸುತ್ತಿರಲಿ. ಹತ್ತು ನಿಮಿಷವಾದರೂ ಓಡಿಸಿ.

ಕೊನೆಯದಾಗಿ ಪುಟದ ಅಂಚಿನ ಪರೀಕ್ಷೆ. ಎಂಮ್ಯಾಪ್‌ನಿಂದ 8192 ಬೈಟ್, ಅಂದರೆ ಎರಡು ಪುಟ ಪಡೆಯಿರಿ. ಎರಡನೆಯ ಪುಟವನ್ನು ಎಂಅನ್‌ಮ್ಯಾಪ್‌ನಿಂದ ಬಿಟ್ಟುಕೊಡಿ. ಮೊದಲ ಪುಟದ 4088ನೆಯ ಸ್ಥಾನದಿಂದ 16 ಬೈಟ್‌ನ ಅಳತೆ ಇದೆ ಎಂದು ಡ್ರೈವರ್‌ಗೆ ಹೇಳಿ. ಮೊದಲ 8 ಬೈಟ್ ಇದೆ, ಉಳಿದ 8 ಇಲ್ಲ. ನಿಮ್ಮ ಪ್ರೋಗ್ರಾಂಗೆ ಮೈನಸ್ ಒಂದು ಮರಳಿ ಬಂದು, ದೋಷಸಂಖ್ಯೆ 14 ಎಂದು ತೋರಬೇಕು. 8 ಎಂದು ಬಂದರೆ ಹಂತ 3ನ್ನು ಇನ್ನೊಮ್ಮೆ ಓದಿ.